ಬಾವುಟದಕ್ಕ ಆಡಿದ್ದು ಬಟ್ಟೆಯ ಮಾತು

ಇಡೀ ಬೀದಿಗೆ ಅವಳು ಬಾವುಟದಕ್ಕ. ಮಿಕ್ಕ ದಿನಗಳಲ್ಲಿ ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ದಿಂಬಿನ ಗೌಸು ಹೊಲಿಯುತ್ತಿದ್ದರೂ ಚುನಾವಣೆ ಬಂತೆಂದರೆ ಅವಳ ಅಂಗಡಿಯ ತುಂಬ ಬಾವುಟಗಳೇ. ಬಾಗಿಲ ಎಡಕ್ಕೆ ಆಳುವ ಪಕ್ಷದ ನೇರಳೆ ಬಟ್ಟೆಯ ಸುರುಳಿಗಳು, ಬಲಕ್ಕೆ ಎದುರು ಪಕ್ಷದ ಹಳದಿ. ನಡುವೆ ಎರಡು ಹೊಲಿಗೆ ಯಂತ್ರ. ಒಂದರ ಮುಂದೆ ಅವಳು, ಇನ್ನೊಂದರ ಮುಂದೆ ಅವಳ ನಾದಿನಿ. ಎರಡೂ ಪಕ್ಷದವರು ಒಂದೇ ಹೊತ್ತಿಗೆ ಬಂದುಬಿಟ್ಟರೆ ಮುಖ ತಿರುಗಿಸಿಕೊಂಡು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು, ಅವಳು ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು. "ನಿಮ್ಮ ವೋಟು ಯಾರಿಗಕ್ಕ?" ಎಂದು ಕೆಣಕಿದರೆ, "ಹೊಲಿಗೆ ಇಬ್ಬರಿಗೂ, ವೋಟು ಪೆಟ್ಟಿಗೆಗೆ" ಎನ್ನುವಳು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವಳು ನಡೆಸಿಕೊಂಡು ಬಂದ ರೀತಿ ಅದು. ಯಾರ ಕಣ್ಣಿಗೂ ಕಸವಾಗಿರಲಿಲ್ಲ.

ಆ ಸಲದ ಚುನಾವಣೆಗೆ ಒಬ್ಬಳು ವರದಿಗಾರ್ತಿ ಅಂಗಡಿಗೆ ಬಂದಳು. ವಯಸ್ಸು ಚಿಕ್ಕದು, ಮಾತು ಮೆದು. ಚುನಾವಣೆಯ ಹಿಂದೆ ದುಡಿಯುವವರ ಬಗ್ಗೆ ಬರೆಯುತ್ತಿದ್ದೇನೆ ಎಂದಳು. ಭಿತ್ತಿಪತ್ರ ಅಂಟಿಸುವವರು, ಮೈಕು ಕಟ್ಟುವವರನ್ನೆಲ್ಲ ಮಾತಾಡಿಸಿಯಾಗಿತ್ತಂತೆ. ಬಾವುಟದಕ್ಕನಿಗೆ ಹಿಗ್ಗು. ಯಂತ್ರ ನಿಲ್ಲಿಸದೆಯೇ ಮಾತಾಡಿದಳು.

"ಯಾವ ಬಾವುಟ ಹೊಲಿಯೋದು ಕಷ್ಟ?" ಎಂದು ವರದಿಗಾರ್ತಿ ಕೇಳಿದಳು.

"ಹೊಲಿಯೋಕೆ ಎರಡೂ ಒಂದೇ ಕಣಮ್ಮ. ಆದ್ರೆ ಈ ಸಲ ಬಟ್ಟೆ ಸರಿ ಇಲ್ಲ. ನೇರಳೆ ಬಟ್ಟೆ ಒಂದೇ ಮಳೆಗೆ ಬಣ್ಣ ಬಿಡುತ್ತೆ. ಹಳದಿದು ಎರಡು ಬಿಸಿಲಿಗೆ ಬಿಳಿಚಿಕೊಳ್ಳುತ್ತೆ. ಗಿರಣಿಯವರು ಹಾಗೆ ಕಳಿಸಿದ್ರೆ ಪಕ್ಷದವರು ತಾನೆ ಏನು ಮಾಡ್ತಾರೆ, ಪಾಪ." ಹಾಗೆಂದು ನಕ್ಕಳು. ನೇರಳೆ ಹತ್ತಿದ ಬೆರಳು ತೋರಿಸಿ, "ನೋಡು, ಅನ್ನ ಕಲಸಿದ್ರೆ ಅನ್ನಾನೂ ಪಕ್ಷ ಸೇರ್ಕೊಳ್ಳುತ್ತೆ" ಎಂದಳು. ನಾದಿನಿ, ವರದಿಗಾರ್ತಿ ಇಬ್ಬರೂ ನಕ್ಕರು. ಒಂದು ಫೋಟೊ ಹಿಡಿದುಕೊಂಡು ಆ ಹುಡುಗಿ ಹೋದಳು.

ಮರುದಿನ ಬೆಳಿಗ್ಗೆ ಗಂಡ ಡಿಪೋದಿಂದ ಫೋನು ಮಾಡಿದ. ಬಸ್ಸು ರಿಪೇರಿ ಮಾಡುವ ಮೆಕ್ಯಾನಿಕ್ ಅವನು. ಕೆಲಸದ ಹೊತ್ತಿನಲ್ಲಿ ಫೋನು ಮುಟ್ಟುವವನಲ್ಲ.

"ಏನೇ ಇದು? ಯಾಕೆ ಹಾಗೆ ಹೇಳೋಕೆ ಹೋದೆ?"

"ಏನು ಹೇಳಿದೆ?"

"ಪೇಪರ್ ನೋಡು."

ಮೊದಲ ಪುಟದ ಅರ್ಧಕ್ಕೆ ಅವಳ ನಗುಮುಖ. ಅದರ ಮೇಲೆ ಹೆಬ್ಬೆರಳು ದಪ್ಪದ ಅಕ್ಷರ: 'ಒಂದೇ ಮಳೆಗೆ ಬಣ್ಣ ಬಿಟ್ಟ ಆಳುವ ಪಕ್ಷ': ಬಾವುಟ ಹೊಲಿದಾಕೆಯ ಆಕ್ರೋಶ.

ಅವಳು ಮತ್ತೆ ಮತ್ತೆ ಓದಿದಳು. ಮಳೆ ತನ್ನದೇ, ಬಣ್ಣವೂ ತನ್ನದೇ. ಬಟ್ಟೆ ಎಲ್ಲಿ ಹೋಯಿತು? ಆಕ್ರೋಶ ಎಲ್ಲಿಂದ ಬಂತು? ನಗುತ್ತ ಕೂತವಳ ಚಿತ್ರ ಹಾಕಿ, ಅದರ ನೆತ್ತಿಯ ಮೇಲೆ ಆಕ್ರೋಶ ಎಂದು ಬರೆಯಲು ಕೈ ಹೇಗೆ ಬಂತು?

ಆ ಪತ್ರಿಕೆ ಹಳದಿ ಪಕ್ಷದ ಕಡೆಗೆ ವಾಲಿದ್ದು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನೇರಳೆ ಪಕ್ಷದ ಕಡೆಗೆ ವಾಲಿದ್ದ ಇನ್ನೊಂದು ಪತ್ರಿಕೆ ಸುಮ್ಮನಿರುತ್ತದೆಯೆ? ಅದು ಅವಳನ್ನು ಮಾತಾಡಿಸಲೂ ಇಲ್ಲ. ಒಂದು ದಿನ ಕಳೆದು ಅಚ್ಚು ಹಾಕಿತು: ಬಾವುಟಕ್ಕೆ ಅವಮಾನ? ದರ್ಜಿ ಮಹಿಳೆಯ ಹಿಂದೆ ಯಾರ ಕೈವಾಡ?

ಅವಳ ಹಿಂದೆ ಇದ್ದದ್ದು ಇಸ್ತ್ರಿ ಮೇಜು, ಅದರಾಚೆ ಗೋಡೆ.

ಅಲ್ಲಿಂದ ಮುಂದೆ ಎಲ್ಲರ ಫೋನಿನಲ್ಲೂ ಆ ಎರಡು ಶೀರ್ಷಿಕೆಗಳದ್ದೇ ಓಡಾಟ. ಸುದ್ದಿಯಲ್ಲ, ಬರೀ ಶೀರ್ಷಿಕೆ; ಯಾರೋ ಕತ್ತರಿಸಿ ಕಳಿಸಿದ ಚಿತ್ರ. ಸಂಜೆ ನೇರಳೆ ಪಕ್ಷದ ವಾರ್ಡ್ ಕಾರ್ಯದರ್ಶಿ ಆಟೋ ತಂದು ತಮ್ಮ ಸುರುಳಿಗಳನ್ನೆಲ್ಲ ತುಂಬಿಸಿದ. ಎಷ್ಟೋ ಚುನಾವಣೆಗಳಲ್ಲಿ ಅದೇ ಬೆಂಚಿನ ಮೇಲೆ ಚಹಾ ಕುಡಿದವನು ಈಗ ಕಣ್ಣೆತ್ತಿ ನೋಡಲಿಲ್ಲ.

"ಏನಣ್ಣ, ಒಂದು ಮಾತು ಕೇಳಬಾರದಾ?" ಎಂದಳು.

"ಕೇಳೋದೇನಿದೆ ಅಕ್ಕ, ಊರೆಲ್ಲ ಓದಿದೆಯಲ್ಲ. ಉಂಡ ಮನೆಗೆ ಎರಡು ಬಗೀಬಾರದಿತ್ತು."

ಬೆಳಗಾಗುವಷ್ಟರಲ್ಲಿ ಅಂಗಡಿಯ ಶಟರಿನ ಮೇಲೆ ಯಾರೋ ಟಾರು ಬಳಿದಿದ್ದರು. ಅವಳು ಸೀಮೆಎಣ್ಣೆ ಬಟ್ಟೆಯಲ್ಲಿ ಅದನ್ನು ಉಜ್ಜುತ್ತಿರುವಾಗಲೇ ಹಳದಿ ಪಕ್ಷದವರು ಹೂಗುಚ್ಛ ಹಿಡಿದು ಬಂದರು. ಭಾನುವಾರದ ಸಭೆಯಲ್ಲಿ ವೇದಿಕೆ ಹತ್ತಬೇಕು, ಅದೇ ಮಾತನ್ನು ಮೈಕಿನಲ್ಲಿ ಹೇಳಬೇಕು, ಇಂಥ ದಿಟ್ಟ ಹೆಣ್ಣುಮಗಳು ಊರಿಗೇ ಹೆಮ್ಮೆ ಎಂದರು.

"ನಿಮ್ಮ ಹಳದಿ ಬಿಳಿಚಿಕೊಳ್ಳುತ್ತೆ ಅಂತಾನೂ ಹೇಳಿದ್ದೆ. ಅದನ್ನೂ ಮೈಕಲ್ಲಿ ಹೇಳ್ಲಾ?" ಎಂದಳು.

ಹೂಗುಚ್ಛ ಬೆಂಚಿನ ಮೇಲೆ ಉಳಿಯಿತು, ಅವರು ಉಳಿಯಲಿಲ್ಲ.

ಇವೆಲ್ಲಕ್ಕಿಂತ ಅವಳಿಗೆ ಹೆಚ್ಚು ಉರಿದದ್ದು ಆ ರಾತ್ರಿ ಊಟದ ಹೊತ್ತಿನಲ್ಲಿ. ಡಿಪೋದಲ್ಲಿ ಎಲ್ಲರೂ ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದು ಗಂಡ ಗೊಣಗಿದ. "ಸ್ವಲ್ಪ ನಾಲಿಗೆ ಬಿಗಿ ಹಿಡಿದಿದ್ರೆ ಏನಾಗ್ತಿತ್ತು?"

"ನೀನು ಪೇಪರ್ ಪೂರ್ತಿ ಓದಿದ್ಯಾ?" ಎಂದು ಅವಳು ಕೇಳಿದಳು.

"ಫೋನಲ್ಲಿ ಬಂದಿತ್ತಲ್ಲ."

"ಅದು ಬರೀ ತಲೆ. ಮುಂಡ ನೋಡಿದ್ಯಾ? ಇಷ್ಟು ವರ್ಷ ಜೊತೆಗೆ ಬಾಳಿದವನಿಗೆ ನಾನು ಹೇಗೆ ಮಾತಾಡ್ತೀನಿ ಅಂತ ಗೊತ್ತಿಲ್ವಾ? ದಪ್ಪ ಅಕ್ಷರ ನೋಡಿದ ತಕ್ಷಣ ಹೆಂಡತಿ ಹೊರಗಿನವಳಾಗಿಬಿಟ್ಟಳಾ?"

ಅವನು ತುತ್ತು ಕೈಯಲ್ಲೇ ಹಿಡಿದು ಕೂತ. ಅವಳು ಎದ್ದು ಹೋದಳು.

ಮರುದಿನ ನಾದಿನಿಯನ್ನು ಜೊತೆಗೆ ಕರೆದುಕೊಂಡು ಮೊದಲ ಪತ್ರಿಕೆಯ ಕಚೇರಿಗೆ ಹೋದಳು. ಮೆಟ್ಟಿಲು ಹತ್ತುವಾಗ ನಾದಿನಿ, "ಅತ್ತಿಗೆ, ದೊಡ್ಡವರ ಸಹವಾಸ, ಮೆತ್ತಗೆ ಮಾತಾಡಿ" ಎಂದಳು. "ಮೆತ್ತಗೆ ಮಾತಾಡಿದ್ದಕ್ಕೇ ಈ ಗತಿ ಬಂದಿದ್ದು" ಎಂದು ಬಾವುಟದಕ್ಕ ಒಳಗೆ ನಡೆದಳು.

ಸಾಲು ಮೇಜುಗಳು, ಪ್ರತಿ ಮೇಜಿನ ಮೇಲೂ ಒಂದು ಕಂಪ್ಯೂಟರು, ಆರಿದ ಚಹಾದ ಲೋಟಗಳು. ಗೋಡೆಯ ಟಿವಿಗಳು ಸದ್ದಿಲ್ಲದೆ ಕೂಗಾಡುತ್ತಿದ್ದವು. ವರದಿಗಾರ್ತಿ ಅವಳನ್ನು ಕಂಡದ್ದೇ ಬಿಳಿಚಿಕೊಂಡು ಎದ್ದು ಬಂದಳು.

"ಅಕ್ಕ, ಶೀರ್ಷಿಕೆ ಇಡೋದು ನಾನಲ್ಲ. ನಾನು ನೀವು ಹೇಳಿದ ಹಾಗೇ ಬರೆದುಕೊಟ್ಟೆ."

"ಹಾಗಾದ್ರೆ ಇಟ್ಟವರು ಯಾರು?"

ಮೂಲೆಯಲ್ಲಿ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದ ಉಪಸಂಪಾದಕನ ಕಡೆಗೆ ಆ ಹುಡುಗಿ ಕೈ ತೋರಿಸಿದಳು. ಅವನೇನೂ ರಾಕ್ಷಸನಂತೆ ಕಾಣಲಿಲ್ಲ. ಕುರ್ಚಿ ಎಳೆದು ಕೂರಿಸಿದ, ನೀರು ತರಿಸಿದ, ಆ ದಿನದ ಪತ್ರಿಕೆ ತೆರೆದು ಬೆರಳಿಟ್ಟ. "ನೋಡಿಯಮ್ಮ, ನಿಮ್ಮ ಮಾತು ಪೂರ್ತಿ ಇದೆ. ಬಟ್ಟೆ, ಹಳದಿ, ಗಿರಣಿ ಎಲ್ಲಾ. ಒಂದಕ್ಷರ ಬಿಟ್ಟಿಲ್ಲ."

"ಎಲ್ಲಿದೆ?"

"ಒಳಪುಟದಲ್ಲಿ. ಕೊನೇ ಪ್ಯಾರಾ."

"ಅಲ್ಲೀತನಕ ಎಷ್ಟು ಜನ ಓದ್ತಾರೆ ಸಾರ್?"

ಅವನು ಸಣ್ಣಗೆ ನಕ್ಕ. "ಅಷ್ಟಾಗಿ ಯಾರೂ ಇಲ್ಲ."

"ಅದು ಗೊತ್ತಿದ್ದೇ ಅಲ್ಲಿ ಇಟ್ರಿ."

ಅವನ ನಗು ನಿಂತಿತು. ಜಾಗ ಇಷ್ಟೇ ಇರುತ್ತದೆ, ಓದುಗರ ಕಣ್ಣು ಹಿಡಿಯಬೇಕು, ಚುನಾವಣೆಯ ಕಾಲ, ಮೇಲಿನವರು ದಿನಾ ಕೇಳುತ್ತಾರೆ ಎಂದು ಏನೇನೋ ಹೇಳಿದ. ಎಲ್ಲ ಪತ್ರಿಕೆಯವರೂ ಹೀಗೇ ಮಾಡುತ್ತಾರೆ ಎಂದ. ಆ ಇನ್ನೊಂದು ಪತ್ರಿಕೆಯವರಂತೂ ಪ್ರಶ್ನೆ ಚಿಹ್ನೆ ಹಾಕಿ ನುಣುಚಿಕೊಂಡಿದ್ದಾರೆ. ಅವಮಾನ ಮಾಡಿದಳು ಎಂದರೆ ಕೋರ್ಟಿಗೆಳೆಯಬಹುದು, ಅವಮಾನ ಎಂದು ಬರೆದು ಪಕ್ಕದಲ್ಲೊಂದು ಕೊಕ್ಕೆ ಹಾಕಿದರೆ ಯಾರೂ ಏನೂ ಮಾಡುವಂತಿಲ್ಲ ಎಂದೂ ವಿವರಿಸಿದ. ಪಕ್ಕದ ಮನೆಯವನ ಕಳ್ಳತನ ಹೇಳುವವನ ಉತ್ಸಾಹ ಅವನ ಮುಖದಲ್ಲಿತ್ತು.

ಬಾವುಟದಕ್ಕ ಪತ್ರಿಕೆಯನ್ನು ಅವನ ಕಡೆಗೆ ತಿರುಗಿಸಿದಳು. "ಅವರ ಕೊಕ್ಕೆ ಅವರ ಹತ್ತಿರ ಕೇಳ್ತೀನಿ. ಇಲ್ಲಿ ಎರಡು ಕಡೆ ಗೆರೆ ಹಾಕಿದ್ದೀರಲ್ಲ, ಅಂದ್ರೆ ಒಳಗಿರೋದು ನಾನು ಆಡಿದ ಮಾತು ಅಂತ ತಾನೆ? ನಾನು ಬಟ್ಟೆ ಅಂದೆ. ನೀವು ಬಟ್ಟೆ ತೆಗೆದು ಪಕ್ಷ ಅಂತ ಹಾಕಿದ್ರಿ. ನನ್ನ ಮಾತಿನ ಬಟ್ಟೆ ಬಿಚ್ಚಿ ಬೀದೀಲಿ ನಿಲ್ಲಿಸಿದ್ರಿ. ನನ್ನ ಅಂಗಡಿ ಬಾಗಿಲಿಗೆ ಟಾರು ಬಿತ್ತು. ನಿಮ್ಮ ಬಾಗಿಲು ಚೆನ್ನಾಗೇ ಇದೆ, ಬರುವಾಗ ನೋಡಿದೆ."

ಉಪಸಂಪಾದಕ ಒಂದು ಸ್ಪಷ್ಟನೆ ಹಾಕಿಸುವುದಾಗಿ ಒಪ್ಪಿಕೊಂಡ. ವಾರದ ನಂತರ ಅದು ಬಂತು ಕೂಡ: ಕಳೆದುಹೋದ ನಾಯಿಯ ಜಾಹೀರಾತು, ಹಳೆಯ ಫ್ರಿಜ್ಜಿನ ಜಾಹೀರಾತು ಎರಡರ ನಡುವೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಭೂತಗನ್ನಡಿ ಬೇಕಾಗಿತ್ತು. ಎರಡನೆಯ ಪತ್ರಿಕೆಯವರಂತೂ ಅವಳನ್ನು ಗೇಟಿನಿಂದ ಒಳಗೇ ಬಿಡಲಿಲ್ಲ.

ಕಚೇರಿಗೆ ಹೋದ ದಿನವೇ ಅಂಗಡಿಗೆ ಮರಳಿದವಳು ಬಿಳಿ ಪರದೆ ಬಟ್ಟೆಯ ದೊಡ್ಡ ತುಂಡೊಂದನ್ನು ಮೇಜಿನ ಮೇಲೆ ಹಾಸಿದಳು. ಕಪ್ಪು ಬಟ್ಟೆಯಲ್ಲಿ ಅಕ್ಷರ ಕತ್ತರಿಸಿದಳು. ಗಂಡ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತು ನೋಡಿದ. ಸ್ವಲ್ಪ ಹೊತ್ತಿಗೆ ಕೈ ತೊಳೆದುಕೊಂಡು ಬಂದು ಬಟ್ಟೆಯ ಇನ್ನೊಂದು ತುದಿ ಎಳೆದು ಹಿಡಿದುಕೊಂಡ. "ಕೊನೇ ಪ್ಯಾರಾ ಓದಿದೆ ಕಣೇ" ಎಂದ, ತಲೆ ಎತ್ತದೆ. ಅವಳು ಅವನ ಕೈಗೆ ಕತ್ತರಿ ಕೊಟ್ಟಳು.

ಮರುದಿನ ಅಂಗಡಿಯ ಮುಂದೆ ಆ ಉದ್ದನೆಯ ಬಟ್ಟೆ ತೂಗಿತು. ನೇರಳೆಯ ಮಳೆ, ಹಳದಿಯ ಬಿಸಿಲು, ಗಿರಣಿ, ಪಾಪ ಎಂದದ್ದು, ಎಲ್ಲವೂ ಹೇಳಿದ ಹಾಗೆಯೇ, ಹೇಳಿದ ಸಾಲಿನಲ್ಲಿಯೇ. ಕೆಳಗೆ ಒಂದು ಸಾಲು ಹೆಚ್ಚಿಗೆ: ಇದನ್ನು ನಗುತ್ತಾ ಹೇಳಿದೆ.

ಜನ ನಿಂತು ಓದಿದರು. ಕೆಲವರು ನಕ್ಕರು, ಕೆಲವರು ಫೋಟೊ ಹಿಡಿದರು. ವಾರ್ಡ್ ಕಾರ್ಯದರ್ಶಿಯೂ ಬಂದು ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ ಕೊನೆಯವರೆಗೂ ಓದಿದ.

"ಇದನ್ನ ಪೇಪರಲ್ಲಿ ಹಾಕ್ಬೇಕಿತ್ತಲ್ಲ ಅಕ್ಕ?"

"ಹಾಕಿದ್ದಾರಣ್ಣ. ನೀವು ಅಲ್ಲೀತನಕ ಹೋಗ್ಲಿಲ್ಲ. ಬಟ್ಟೆ ಹೊತ್ಕೊಂಡು ಹೋಗೋಕೆ ಪುರುಸೊತ್ತಿತ್ತು, ಒಳಪುಟ ತಿರುಗಿಸೋಕೆ ಇರ್ಲಿಲ್ಲ."

ಅವನು ತಲೆ ಕೆರೆದುಕೊಂಡ. ಬಾವುಟಗಳನ್ನು ಬೇರೆ ಕಡೆ ಹೊಲಿಸಿ ಆಗಿತ್ತು. ಮುಂದಿನ ಸಲ ನೋಡೋಣ ಎಂದು ಪೆಡಲು ತುಳಿದ.

ಅಷ್ಟಕ್ಕೇ ಮುಗಿಯಿತು ಎಂದುಕೊಂಡರೆ, ಎರಡನೆಯ ಪತ್ರಿಕೆ ಆ ಬಟ್ಟೆಯ ಚಿತ್ರ ಹಾಕಿ ಮೇಲೆ ಬರೆಯಿತು: ಒತ್ತಡಕ್ಕೆ ಮಣಿದರೇ ಬಾವುಟದಕ್ಕ? ಮೊದಲನೆಯದು ಇನ್ನೂ ಚುಟುಕು: ಉಲ್ಟಾ ಹೊಡೆದ ದರ್ಜಿ. ಇಡೀ ಚುನಾವಣೆಯಲ್ಲಿ ಎರಡೂ ಪತ್ರಿಕೆಗಳು ಒಮ್ಮತಕ್ಕೆ ಬಂದದ್ದು ಇದೊಂದರಲ್ಲೇ ಎಂದು ನಾದಿನಿ ಹೇಳಿದಾಗ ಬಾವುಟದಕ್ಕನಿಗೆ ನಗು ಬರಲಿಲ್ಲ. ಆಡದ ಮಾತನ್ನು ಆಡಿದೆ ಎಂದರು. ಆಡಿದ್ದು ಇಷ್ಟೇ ಎಂದರೆ, ಆಡಿದ್ದನ್ನು ನುಂಗಿದಳು ಎಂದರು. ಯಾವ ಬಾಗಿಲಲ್ಲಿ ಹೊರಗೆ ಬರುವುದು?

ಬಟ್ಟೆ ಮಾತ್ರ ಅವಳು ಇಳಿಸಲಿಲ್ಲ.

ಚುನಾವಣೆ ಮುಗಿಯಿತು. ಯಾರು ಗೆದ್ದರೋ ಅವರು ಮೆರವಣಿಗೆ ಹೋದರು. ಅವಳು ಆಮೇಲೆ ಬಾವುಟ ಹೊಲಿಯಲಿಲ್ಲ. ಕೇಳಿಕೊಂಡು ಬಂದವರಿಗೆ ಪರದೆ ಬೇಕಿದ್ದರೆ ಹೇಳಿ ಎಂದಳು. ವರದಿಗಾರ್ತಿ ಒಮ್ಮೆ ಬಂದು ಬೆಂಚಿನ ಮೇಲೆ ಕೂತು, ಆ ಕೆಲಸ ಬಿಡುವ ಯೋಚನೆಯಿದೆ ಎಂದಳು. "ಬಿಡಬೇಡ. ನಿನ್ನಂಥವರೂ ಬಿಟ್ರೆ ಕೊನೇ ಪ್ಯಾರಾನೂ ಇರಲ್ಲ. ಅಲ್ಲೇ ಇದ್ದು ಅವನ ಜೊತೆ ಜಗಳ ಆಡು" ಎಂದು ಚಹಾ ಕೊಟ್ಟು ಕಳಿಸಿದಳು. ಆ ಹುಡುಗಿ ಜಗಳ ಆಡಿದಳೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಈಚೆಗೆ ಒಂದು ಮಧ್ಯಾಹ್ನ ಸಮವಸ್ತ್ರಕ್ಕೆ ಅಳತೆ ಕೊಡಲು ಮಗಳನ್ನು ಕರೆತಂದ ಗಿರಾಕಿಯೊಬ್ಬಳು ಫೋನು ನೋಡುತ್ತ ಲೊಚಗುಟ್ಟಿದಳು. ಯಾವುದೋ ಊರಿನ ನರ್ಸು, 'ರೋಗಿಗಳು ಸತ್ತರೆ ನನಗೇನು' ಎಂದು ಮಂತ್ರಿಯ ಮುಂದೆಯೇ ಹೇಳಿದಳಂತೆ. "ಎಂಥಾ ಕಲ್ಲೆದೆ ನೋಡಿ ಅಕ್ಕ. ಇಂಥವರಿಗೆ ಚಪ್ಪಲೀಲಿ ಹೊಡೀಬೇಕು."

ಬಾವುಟದಕ್ಕ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡಳು. "ಕೆಳಗೇನಿದೆ ಓದಮ್ಮ."

"ಕೆಳಗೇನಿರುತ್ತೆ, ಇದೇ ವಿಷಯ."

"ಓದು. ಅವಳು ಯಾವ ಮಾತಿಗೆ ಹಾಗಂದ್ಲು, ಮುಂದೆ ಏನಂದ್ಲು, ಹಾಗಂದಿದ್ದೇ ನಿಜವಾ, ನೋಡು. ಅಳತೆ ಆಮೇಲೆ."

"ಅಂಗಿ ಹೊಲಿಸೋಕೆ ಬಂದ್ರೆ ನೀವು ಪಾಠ ಮಾಡ್ತೀರಲ್ಲ" ಎಂದು ಆಕೆ ಮಗಳ ಕೈ ಹಿಡಿದು ಎದ್ದಳು. ನಾದಿನಿ ಯಂತ್ರದ ಹಿಂದಿನಿಂದ ಬೇಡ ಎಂಬಂತೆ ಸನ್ನೆ ಮಾಡಿದಳು. ಬಾವುಟದಕ್ಕ ಅತ್ತ ನೋಡಲಿಲ್ಲ. ತನ್ನ ಕನ್ನಡಕ ಹಾಕಿಕೊಂಡು, ಆ ಗಿರಾಕಿಯ ಕಡೆಗೆ ಕೈ ಚಾಚಿದಳು.

"ಕೊಡಿಲ್ಲಿ ಫೋನು. ನಾನು ಓದಿ ಹೇಳ್ತೀನಿ."

ಗಿರಾಕಿ ಕೊಡಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಳು. ಅಷ್ಟರಲ್ಲಿ ಅವಳ ಮಗಳೇ ಅಮ್ಮನ ಕೈಯಿಂದ ಫೋನು ತೆಗೆದುಕೊಂಡು, ಬೆಂಚಿನ ಮೇಲೆ ಕೂತು, ಕೆಳಗಿನ ಸಾಲುಗಳನ್ನು ಗಟ್ಟಿಯಾಗಿ ಓದತೊಡಗಿದಳು.