ಅಂಚೆ ಮಾವನ ಮನೆಗೆ ವೈಫೈ ಬಂದದ್ದು

ಅಂಚೆ ಮಾವ ಮೂವತ್ತೈದು ವರ್ಷ ಕಾಗದ ಹಂಚಿದವರು. ಒಮ್ಮೆ ‘ಸದಾ ಕೆಮ್ಮುವವರ ಮನೆ’ ಎಂದಷ್ಟೇ ವಿಳಾಸವಿದ್ದ ರಿಜಿಸ್ಟರ್ ಕಾಗದವನ್ನು ಕಿಟಕಿ ಕಿಟಕಿಗೆ ಕಿವಿಯಿಟ್ಟು ಹುಡುಕಿ ತಲುಪಿಸಿದರಂತೆ. ಆ ಮನೆಯಾತನಿಗೆ ಮೂರು ದಿನದ ಹಿಂದೆಯೇ ವಾಸಿಯಾಗಿತ್ತಂತೆ; ಗುರುತಿಗೆಂದು ಆತ ಎರಡು ಸಲ ಕೆಮ್ಮಿ ಸಹಿ ಹಾಕಿದನಂತೆ. ಹಾಗಾದರೆ ಇವರ ಕಿವಿಗೆ ಏನು ಕೇಳಿಸಿತು ಎಂದು ಮಾತ್ರ ಕೇಳಬಾರದು.

ನಿವೃತ್ತರಾದ ಮೇಲೆ ಮಾವ ಮನೆಯ ಕೋಣೆ ಕೋಣೆಗೂ ಕೈಯಾರೆ ಇಂಟರ್ನೆಟ್ ತಂತಿ ಎಳೆದಿದ್ದರು. ವೈಫೈ ಎಂದರೆ ಮೂಗು ಮುರಿಯುತ್ತಿದ್ದರು. “ಗಾಳೀಲಿ ತೂರಿದ ಕಾಗದ ಯಾರ ಮನೆ ಸೇರುತ್ತೆ?”

ಅವರ ಹೆಂಡತಿ ಟೈಲರಮ್ಮ. ಮಂಡಿನೋವಿಗೆ ಅಂಗಡಿ ಮುಚ್ಚಿದಾಗಿನಿಂದ ಆಕೆ ಮಂಕಾಗಿದ್ದರು. ಈಗ ಫೋನಿನಲ್ಲೇ ಹೊಲಿಗೆ ಕಲಿಸುತ್ತೇನೆಂದು ಹತ್ತು ಜನರಿಗೆ ಮಾತು ಕೊಟ್ಟಿದ್ದರು. ಇಂದು ನಾಲ್ಕು ಗಂಟೆಗೆ ಮೊದಲ ಪಾಠ.

“ಹೊಲಿಗೆ ಕೋಣೇಲೂ ತಂತಿ ಇದೆಯಲ್ಲೇ!”

“ಇದೆ ರೀ. ಅದನ್ನ ಫೋನಿಗೆ ಎಲ್ಲಿ ಸಿಕ್ಕಿಸ್ಲಿ? ನಿಮ್ಮ ಮೂಗಿಗಾ?”

ಮಾವ ಅಂಗಡಿಗೆ ಹೋಗಿ ಒಂದು ವೈಫೈ ಡಬ್ಬಿ ತಂದು ಆ ತಂತಿಗೆ ಸಿಕ್ಕಿಸಿದರು. ಫೋನಿನಲ್ಲಿ ಗುರುತೇನೋ ಬಂತು. ಆದರೆ ಚಿತ್ರ ಒಂದು ಗಳಿಗೆ ಬಂದರೆ ಹತ್ತು ಗಳಿಗೆ ನಾಪತ್ತೆ. ಮೂರೂವರೆಯಾಯಿತು. ಟೈಲರಮ್ಮ ಇಸ್ತ್ರಿ ಮಾಡಿಟ್ಟ ಬಟ್ಟೆಯನ್ನು ಮತ್ತೆ ಮಡಚತೊಡಗಿದರು.

“ಹೋಗ್ಲಿ ಬಿಡಿ. ನನ್ನ ಕೈಲಿ ಆಗಲ್ಲ ಅಂತ ಎಲ್ಲರಿಗೂ ಹೇಳ್ಬಿಡ್ತೀನಿ.”

ಮಾವ ಕೂಡಲೇ ಟೀವಿ ರಿಪೇರಿ ಮಾಡುವ ಭಾವಮೈದುನನಿಗೆ ಫೋನ್ ಹಚ್ಚಿದರು.

“ಆಫ್ ಮಾಡಿ ಆನ್ ಮಾಡಿ, ಭಾವ.”

“ಏಳು ಸಲ ಮಾಡ್ದೆ ಕಣಯ್ಯ. ಇನ್ನೊಂದ್ಸಲ ಮಾಡಿದ್ರೆ ಸ್ವಿಚ್ಚೇ ರಾಜೀನಾಮೆ ಕೊಡುತ್ತೆ!”

ಕೈಗೆ ಬಂದದ್ದನ್ನೆಲ್ಲ ತಿರುವಿ ವಿಳಾಸ ಓದುವುದು ಮಾವನ ಹಳೆಯ ಚಾಳಿ. ಮಾತಾಡುತ್ತಲೇ ಹೊಸ ಡಬ್ಬಿಯ ಬೆನ್ನಿಗೆ ಅಂಟಿಸಿದ್ದ ಚೀಟಿ ಓದಿದರು. ಏನೋ ಹೊಳೆದಂತಾಗಿ ನಡುಮನೆಗೆ ಓಡಿ, ತಂತಿಗಳೆಲ್ಲ ಹೊರಡುವ ಹಳೆಯ ಡಬ್ಬಿಯನ್ನೂ ಮಗುಚಿದರು.

“ಅಯ್ಯೋ! ಎರಡು ಡಬ್ಬಿಗೂ ಒಂದೇ ವಿಳಾಸ! ಒಂದೇ ಬೀದೀಲಿ ಎರಡು ಮನೆಗೆ ಒಂದೇ ನಂಬರ್ ಇದ್ದ ಹಾಗಾಯ್ತು ಕಣೋ! ಕಾಗದ ತಾನೇ ಎಲ್ಲಿಗೆ ಹೋಗ್ಬೇಕು?”

“ಸಿಕ್ತು ಭಾವ! ಸಾಲದ್ದಕ್ಕೆ ಎರಡೂ ಸೇರಿ ಫೋನಿಗೂ ನಂಬರ್ ಹಂಚ್ತಾ ಇರುತ್ವೆ. ಹೊಸದಕ್ಕೆ ಬೇರೆ ನಂಬರ್ ಕೊಡಿ. ಹಂಚೋ ಕೆಲಸ ಹಳೇದಕ್ಕೇ ಬಿಡಿ.”

“ಹಾಗನ್ನು! ಒಂದು ಬೀದಿಗೆ ಒಬ್ಬನೇ ಪೋಸ್ಟ್‌ಮ್ಯಾನ್!”

ಭಾವಮೈದುನ ಹೇಳುತ್ತಾ ಹೋದ, ಮಾವ ಹೆಂಡತಿಯ ಫೋನಿನ ಮೇಲೆ ಒಂದೇ ಬೆರಳಿನಲ್ಲಿ ಒತ್ತುತ್ತಾ ಹೋದರು. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಹತ್ತು ಮುಖಗಳು ಫೋನಿನಲ್ಲಿ ಸಾಲಾಗಿ ಬಂದು ಕೂತವು.

ಇಡೀ ಬೀದಿಯನ್ನೇ ಗದರಿಸುತ್ತಿದ್ದ ಟೈಲರಮ್ಮನ ದನಿ ನಡುಗಿತು. “ನಾನು... ಕಾಣ್ತಾ ಇದೀನಾ?”

“ಕಾಣ್ತಿದೀರ ಮೇಡಂ. ಹಿಂದೆ ಒಬ್ರು ಕನ್ನಡಕ ಒರೆಸ್ಕೊಳ್ತಾ ನಿಂತಿದಾರೆ. ಅವರೂ ಕ್ಲಾಸಿಗೇನಾ?”

“ಅವರಾ? ನಮ್ಮೆಜಮಾನ್ರು. ಅಂಗಿಗೆ ಗುಂಡಿ ಹಾಕ್ಕೊಳ್ಳೋಕೂ ಬರಲ್ಲ, ಸೇರಿಸ್ಕೊಳ್ಳೋದು ಬೇಡ.”

ಹತ್ತೂ ಜನ ಗೊಳ್ಳೆಂದರು. ಆ ನಗುವಿನಲ್ಲಿ ದನಿಯ ನಡುಕ ಎಲ್ಲಿ ಹೋಯಿತೋ! ಟೈಲರಮ್ಮ ಬಟ್ಟೆ ಹರವಿ ಕತ್ತರಿ ಎತ್ತಿಕೊಂಡರು.