ನಮಗಿಂತ ಮೊದಲು ಹೊರಟ ಚೀಲ

ಇವತ್ತು ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಕೈ ಒರೆಸಿಕೊಂಡು, ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿದೆ. ಮದರಾಸಿನ ಮನೆಗಳಲ್ಲಿ ತೂಗುವ ಈ ದಿನಕ್ಕೊಂದು ಹಾಳೆಯ ಕ್ಯಾಲೆಂಡರನ್ನು ನೀವೂ ನೋಡಿರಬಹುದು. ತಾರೀಖು ಅಂಗೈಯಷ್ಟು ದೊಡ್ಡದು. ಅದರ ಕೆಳಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ ರಾಹುಕಾಲ, ಯಮಗಂಡ, ಶೂಲೆ. ಇವತ್ತು ಗುರುವಾರ, ಶೂಲೆ ದಕ್ಷಿಣ. ಅಂದರೆ ಇವತ್ತು ದಕ್ಷಿಣ ದಿಕ್ಕಿಗೆ ಪ್ರಯಾಣ ಹೊರಡಬಾರದು. ಓದಿ ಒಬ್ಬಳೇ ನಿಂತು ನಕ್ಕೆ. ಶಾಸ್ತ್ರಕ್ಕೆ ನಗಬಾರದು, ಗೊತ್ತು. ಆದರೆ ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಗುರುವಾರ ನಾನು ಆ ಶಾಸ್ತ್ರವನ್ನು ಎಷ್ಟು ಚೆನ್ನಾಗಿ ಪಾಲಿಸಿದೆನೆಂದರೆ, ನಮ್ಮ ಚೀಲ ಪ್ರಯಾಣ ಹೊರಟುಹೋಯಿತು, ನಾವು ಮನೆಯಲ್ಲೇ ಉಳಿದೆವು.

ಇದು ನಿಮಗೆ ಅರ್ಥವಾಗಬೇಕಾದರೆ ಮೊದಲು ನಮ್ಮ ಯಜಮಾನರ ಹೋಟೆಲಿನ ಸಂಗತಿ ಹೇಳಬೇಕು. ವೆಸ್ಟ್ ಮಾಂಬಲಂ ಸ್ಟೇಷನ್ನಿಗೆ ಹೋಗುವ ಓಣಿಯಲ್ಲಿ ಎಂಟು ಮೇಜಿನ ಹೋಟೆಲು. ಕುಂದಾಪುರ ಕಡೆಯಿಂದ ಬಂದು ಮೊದಲು ಬೇರೆಯವರ ಹೋಟೆಲಿನಲ್ಲಿ ಮೇಜು ಒರೆಸಿ, ಆಮೇಲೆ ಸ್ವಂತದ್ದು ಮಾಡಿದವರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾವು ರೈಲು ಹತ್ತಿದ್ದು ಒಂದೋ ಯಾರದಾದರೂ ಮದುವೆಗೆ, ಇಲ್ಲವೇ ಯಾರದಾದರೂ ಹನ್ನೊಂದನೆಯ ದಿನಕ್ಕೆ. ಸುಮ್ಮನೆ, ಊರು ನೋಡಲಿಕ್ಕೆಂದು, ಒಂದು ಸಲವೂ ಇಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ:

"ಹಿಟ್ಟಿಗೆ ರಜೆ ಗೊತ್ತಿಲ್ಲೆ ಮಾರಾಯ್ತಿ. ನಾ ಇಲ್ಲದಿದ್ರೂ ಅದು ಹುಳಿ ಬತ್ತ್."

ಇಂಥವರ ಮನಸ್ಸನ್ನು ಬದಲಾಯಿಸಲು ನನ್ನೊಬ್ಬಳಿಂದ ಆಗದು ಎಂದು ದೇವರಿಗೇ ಅನ್ನಿಸಿರಬೇಕು. ಆ ವರ್ಷ ಹೋಟೆಲಿನ ಗ್ರೈಂಡರಿನ ಮೋಟರು ಸುಟ್ಟುಹೋಯಿತು. ರಿಪೇರಿಯವನು ನಾಲ್ಕು ದಿನ ಬೇಕೆಂದ. ಬೇರೆಯವರ ಮನೆಯಲ್ಲಾದರೆ ಇದು ನಷ್ಟ. ನಾನು ಮಾತ್ರ ದೇವರ ಮುಂದೆ ಎರಡು ಬತ್ತಿ ಹೆಚ್ಚು ಹಚ್ಚಿದೆ.

"ಹ್ವಾಯ್, ಈ ನಾಲ್ಕು ದಿನ ಎಲ್ಲಿಗಾದ್ರೂ ಹೋಪನಾ?"

ಅವರು ಗ್ರೈಂಡರಿನ ಖಾಲಿ ಜಾಗವನ್ನೇ ನೋಡುತ್ತಾ, "ಹೋಪ" ಅಂದುಬಿಟ್ಟರು. ಆ ಮಾತನ್ನು ಹಿಂದೆ ತೆಗೆದುಕೊಳ್ಳುವ ಮೊದಲೇ ಮಗಳು ಅನು ಮೊಬೈಲಿನಲ್ಲಿ ಟಿಕೆಟ್ ಹುಡುಕಲು ಕೂತಳು. ಇಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುತ್ತಾಳೆ. ತಾಂಬರಂನಿಂದ ಕುಂಭಕೋಣ, ಅಲ್ಲಿಂದ ಶ್ರೀರಂಗ, ಅಲ್ಲಿಂದ ಮಧುರೈ, ಭಾನುವಾರ ವಾಪಸು. ಮೂರು ಊರು, ನಾಲ್ಕು ರೈಲು. ಸೀಟು ಸಿಕ್ಕಿದ್ದು ಒಂದೇ ದಿನಕ್ಕೆ: ಗುರುವಾರ, ಮಧ್ಯಾಹ್ನ ಮೂರೂಕಾಲಿಗೆ.

ನಾನು ಕ್ಯಾಲೆಂಡರ್ ನೋಡಿದೆ. ಗುರುವಾರ ದಕ್ಷಿಣಕ್ಕೆ ಶೂಲೆ. ಮೂರೂ ಊರು ಇರುವುದು ದಕ್ಷಿಣಕ್ಕೇ. ಸಾಲದ್ದಕ್ಕೆ ಒಂದೂವರೆಯಿಂದ ಮೂರರವರೆಗೆ ರಾಹುಕಾಲ. ನಾವು ಮನೆ ಬಿಡಬೇಕಾದದ್ದು ಆಗಲೇ. ಇಪ್ಪತ್ತಾರು ವರ್ಷ ಕಾದದ್ದನ್ನು ಶೂಲೆಯ ಬಾಯಿಗೆ ಕೊಡಲೇ? ಈ ಸಲ ತಪ್ಪಿದರೆ ಇನ್ನೊಂದು ಮೋಟರು ಯಾವಾಗ ಸುಡುತ್ತದೋ ಯಾರಿಗೆ ಗೊತ್ತು?

ಇದಕ್ಕೆ ನಮ್ಮ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ. ಪ್ರಸ್ಥಾನ ಇಡುವುದು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಹಿಂದಿನ ಒಳ್ಳೆಯ ದಿನ ನೋಡಿ ನಮ್ಮ ಸಾಮಾನನ್ನು ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಸಾಮಾನು ಹೊರಟರೆ ನಾವು ಹೊರಟ ಲೆಕ್ಕ. ಆಮೇಲೆ ನಾವು ಯಾವಾಗ ಹೋಗಿ ಸೇರಿಕೊಂಡರೂ ದೋಷವಿಲ್ಲ. ಒಂದೇ ನಿಯಮ: ಹೊರಟ ಸಾಮಾನು ಮನೆಗೆ ತಿರುಗಿ ಬರಬಾರದು. ಇಷ್ಟು ಕರುಣೆ ಇರುವ ಶಾಸ್ತ್ರವನ್ನು ಜನ ಯಾಕೆ ಬೈಯುತ್ತಾರೋ ನನಗೆ ತಿಳಿಯದು.

ಅನು ಮಾತ್ರ ಕೇಳಿ, "ಲಗೇಜ್ ಮಟ್ಟುಂ ಪೋನಾ ಪೋದುಮಾಮ್ಮಾ? ನಾಮ ವೀಟ್ಲಯೇ ಇರುಕ್ಕಲಾಮಾ?" ಎಂದಳು. ಸಾಮಾನು ಮಾತ್ರ ಹೋದರೆ ಸಾಕಾ, ನಾವು ಮನೆಯಲ್ಲೇ ಇರಬಹುದಾ, ಎಂದು. ಅವಳ ನಾಲಿಗೆಯ ಮೇಲೆ ಆಗ ಯಾವ ದೇವತೆ ಕೂತಿದ್ದಳೋ.

ಬುಧವಾರ ಬೆಳಿಗ್ಗೆ ಚೀಲ ತುಂಬಿದೆ. ಹೋಗುವವರೆಲ್ಲರದೂ ಏನಾದರೂ ಅದರಲ್ಲಿ ಇರಬೇಕಲ್ಲ? ಯಜಮಾನರ ಅಂಗಿ, ಪಂಚೆ, ಸಕ್ಕರೆ ಕಾಯಿಲೆಯ ಮಾತ್ರೆ, ಅನುವಿನ ಎರಡು ಜೊತೆ ಬಟ್ಟೆ, ನನ್ನ ಸೀರೆಗಳು, ಜಪಮಾಲೆ. ಹೊರಗೆ ಉಳಿದದ್ದು ದಾರಿಯ ಪುಳಿಯೋಗರೆ ಒಂದೇ. ಇನ್ನು ದಕ್ಷಿಣಕ್ಕಿರುವ ಮನೆ ಯಾವುದು? ಅನು ಮೊಬೈಲಿನಲ್ಲಿ ದಿಕ್ಸೂಚಿ ತೆರೆದಳು. ಮುಳ್ಳು ಸ್ವಲ್ಪ ಹೊತ್ತು ನನ್ನ ಹಾಗೇ ಅನುಮಾನಿಸಿ, ಕೊನೆಗೆ ನಮ್ಮ ಮಹಡಿಯ ಮೂಲೆಮನೆಯ ಪದ್ಮಾ ಮಾಮಿಯ ಬಾಗಿಲಿಗೆ ನೇರವಾಗಿ ದಕ್ಷಿಣ ತೋರಿಸಿತು.

ಪದ್ಮಾ ಮಾಮಿಗೂ ನನಗೂ ಎಂಟು ತಿಂಗಳಿಂದ ಮಾತಿಲ್ಲ. ಅವರೂ ಕನ್ನಡದವರೇ, ಆದರೆ ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿ ಇರುವ ವೈಷ್ಣವರು. ಅವರ ಕನ್ನಡ ನಮಗೆ ತಮಿಳಿನಂತೆ ಕೇಳಿಸುತ್ತದೆ, ನಮ್ಮ ಕನ್ನಡ ಅವರಿಗೆ ತುಳುವಿನಂತೆ. ಜಗಳ ಮಾತ್ರ ಇಬ್ಬರಿಗೂ ಚೆನ್ನಾಗಿ ಅರ್ಥವಾಗಿತ್ತು. ತಾರಸಿಯಲ್ಲಿ ಒಣಗಲು ಹಾಕಿದ ನನ್ನ ಹೊದಿಕೆ ಅವರ ಮಡಿಸೀರೆಗೆ ತಾಗಿತು ಎಂದು ಅವರು. ಗಾಳಿಗೆ ಹೋಗಿ ಹೇಳಿ ಎಂದು ನಾನು.

ಚೀಲ ಹಿಡಿದು ಬಾಗಿಲು ತಟ್ಟಿದೆ. ಮಾಮಿ ತೆರೆದರು. ಮುಖ ನೋಡಿದರು, ಚೀಲ ನೋಡಿದರು.

"ಏನು, ಜಗಳ ಆಡಿಕೊಂಡು ಮನೆ ಬಿಟ್ಟು ಬಂದ್ಯಾ?"

"ಇಲ್ಲ ಮಾಮಿ. ಪ್ರಸ್ಥಾನ. ನಾಳೆ ದಕ್ಷಿಣಕ್ಕೆ ಶೂಲೆ."

ಅಷ್ಟೇ. ಎಂಟು ತಿಂಗಳ ಮುಖ ಒಂದು ಕ್ಷಣದಲ್ಲಿ ಸಡಿಲಾಯಿತು. "ಈ ಕಾಲದಲ್ಲೂ ಪ್ರಸ್ಥಾನ ಇಡೋರು ಇದ್ದಾರಾ! ವಾ, ಒಳಗೆ ವಾ" ಎಂದು ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಣೆಯ ಮೇಲೆ ಇಟ್ಟು, ಅದಕ್ಕೇ ಒಂದು ಚೂರು ಕುಂಕುಮ ಹಚ್ಚಿದರು. ನನ್ನ ಕಣ್ಣು ತುಂಬಿಬಂತು. ಹೀಗೆ ಮರ್ಯಾದೆ ಪಡೆದ ಚೀಲ ನಮ್ಮ ವಂಶದಲ್ಲಿ ಇನ್ನೊಂದಿಲ್ಲ.

ಮರುದಿನ ಒಂದೂಮುಕ್ಕಾಲಿಗೆ ಮೂವರೂ ಸಿದ್ಧರಾಗಿ ಮಾಮಿಯ ಬಾಗಿಲಿಗೆ ಹೋದೆವು.

"ಚೀಲಾನಾ?" ಎಂದರು ಮಾಮಿ. "ಅದು ಇಲ್ಲಿ ಇಲ್ಲಡೀ. ನಿನ್ನೆ ಸಾಯಂಕಾಲವೇ ಕ್ರೋಂಪೇಟೆಗೆ ಅನುಪ್ಸಿಬಿಟ್ಟೆ. ತಂಗಿಯ ಯಜಮಾನರು ಬಂದಿದ್ರು, ಅವರ ಕೈಲಿ."

ಕಳಿಸಿಬಿಟ್ಟರಂತೆ!

"ಯೋಚನೆ ಮಾಡಿ ನೋಡು. ನಿನಗೂ ನನಗೂ ಕೆಳಗೆ ನೀರಿನ ತೊಟ್ಟಿ ಒಂದೇ. ಒಂದು ತೊಟ್ಟಿ ನೀರು ಕುಡಿಯೋರು ಒಂದೇ ಮನೆಯವರು. ಇಲ್ಲಿ ಇಟ್ರೆ ಅದು ಪ್ರಸ್ಥಾನಾನಾ? ಹಾಲಿಂದ ರೂಮಿಗೆ ಸಾಮಾನು ಇಟ್ಟಂಗೆ! ಪಾವಂ, ಇಷ್ಟು ವರ್ಷ ಬಿಟ್ಟು ಹೊರಟಿದ್ದೀಯ, ದೋಷ ಯಾಕೆ ಅಂತ ಬುಧವಾರ ಮುಗಿಯೋಕೆ ಮುಂಚೆ ಅನುಪ್ಸಿದೆ. ಕ್ರೋಂಪೇಟೆ ನಿಮ್ಮ ದಾರೀಲೇ ದಾನೆ, ಅಲ್ವಾ? ಹೇಳೋಣ ಅಂತ ಬಂದೆ, ನಿಮ್ಮನೇಲಿ ಮಿಕ್ಸಿ ಸದ್ದು, ಬೆಲ್ಲು ಯಾರಿಗೂ ಕೇಳಲಿಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಶಾಸ್ತ್ರದಲ್ಲಿ ನನಗಿಂತ ಒಂದು ಕೈ ಮೇಲು.

ಆದರೆ ನಮ್ಮ ಯಜಮಾನರ ಮುಖ ನೋಡಬೇಕಿತ್ತು. ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಮುಖ. "ನನ್ನ ಅಂಗಿ ಪಂಚೆ ಕ್ರೋಂಪೇಟೆಲಿ ಇತ್ತ್, ನಾ ಇಲ್ಲಿದ್ದೆ. ಇನ್ನು ಆತಿಲ್ಲೆ ಬಿಡ್" ಎಂದು ಜೇಬಿಗೆ ಕೈ ಹಾಕಿದರು. ಹೋಟೆಲಿನ ಬೀಗದ ಕೈ ಹೊರಬಂತು. ದೇವರ ಗೂಡಿನಲ್ಲಿ ಇಟ್ಟು ಬನ್ನಿ ಎಂದು ಹೇಳಿದ್ದೆ, ಜೊತೆಗೇ ತಂದಿದ್ದರು. "ಗ್ರೈಂಡರ್ ಇಲ್ಲದಿದ್ರೆ ಎಂತ, ಉಪ್ಪಿಟ್ಟು, ಕಾಫಿ ಮಾಡ್ಲಕ್ಕು."

ಗಡಿಯಾರದಲ್ಲಿ ರಾಹುಕಾಲ ನಡುಮಧ್ಯಕ್ಕೆ ಬರುತ್ತಿತ್ತು. ಉಪ್ಪಿಟ್ಟು ಎಂಬ ಮಾತು ಕೇಳಿ ನನಗೆ ಏನಾಯಿತೋ. ಅವರ ಕೈಯಿಂದ ಬೀಗದ ಕೈ ಕಿತ್ತುಕೊಂಡು ಮಾಮಿಯ ಸೊಂಟಕ್ಕೆ ಸಿಕ್ಕಿಸಿದೆ.

"ನಾನು ಹೊರಟೆ. ಬರುವವರು ಬನ್ನಿ" ಎಂದು ಮೆಟ್ಟಿಲು ಇಳಿದೆ. ತುಂಬಿದ ರಾಹುಕಾಲದಲ್ಲಿ, ಬಲಗಾಲೋ ಎಡಗಾಲೋ ನೋಡದೆ.

ಹಿಂದೆ ಮೂರು ಜೊತೆ ಚಪ್ಪಲಿಗಳ ಸದ್ದು ಕೇಳಿಸಿತು. ಮೂರನೆಯದು ಮಾಮಿಯದು. "ನನ್ನ ತಂಗೀನ ನಿನಗೆ ಗುರ್ತು ಇಲ್ಲ, ಅವಳಿಗೆ ನಿನ್ನ ಗುರ್ತು ಇಲ್ಲ. ಲೋಕಲ್ ಗಾಡಿ ಅರೆ ನಿಮಿಷ ನಿಲ್ಲುತ್ತೆ. ನಾನು ಬರದೆ ಹೇಗೆ?" ಎನ್ನುತ್ತಾ, ಮನೆಯಲ್ಲಿ ಉಟ್ಟ ಸೀರೆಯಲ್ಲೇ, ಕಿವಿಗೆ ಫೋನು ಒತ್ತಿಕೊಂಡು ತಂಗಿಗೆ ಅಪ್ಪಣೆ ಕೊಡುತ್ತಾ ಬಂದರು: "ಲೇಡೀಸ್ ಡಬ್ಬಿ ಎದುರಿಗೆ ನಿಲ್ಲು. ಚೀಲಾನ ಕೆಳಗೆ ಇಡಬೇಡ!"

ಯಜಮಾನರು ಪಕ್ಕದ ಡಬ್ಬಿಗೆ ಹತ್ತಿದರು. ಅವರು ಸೈದಾಪೇಟೆಯಲ್ಲಿ ಇಳಿದು ವಾಪಸು ಓಡದ ಹಾಗೆ ನೋಡಿಕೊಳ್ಳಲು ಅನು ಅವರ ಜೊತೆ. ಮಾಮಿಯೂ ನಾನೂ ಮಹಿಳೆಯರ ಡಬ್ಬಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತೆವು. ಗಾಡಿ ಗಿಂಡಿ ದಾಟಿತು. ಆಮೇಲೆ ಮಾಮಿ ಕಿಟಕಿಯ ಕಡೆ ನೋಡುತ್ತಾ, "ಆ ಹೊದಿಕೆ ತಾಗಿದ್ದಕ್ಕೆ ನನಗೆ ಕೋಪ ಇರಲಿಲ್ಲ. ತಿರುಗಿ ಒಗೆದು ತಾರಸಿ ಹತ್ತೋಕೆ ಮೊಣಕಾಲು ಆಗಲಿಲ್ಲ. ಅದನ್ನ ಹೇಳಲು ನಾಚಿಕೆ. ಅದಕ್ಕೆ ಮಡಿ ಅಂತ ಕೂಗಿದೆ" ಎಂದರು.

"ಗಾಳಿ ಅಲ್ಲ ಮಾಮಿ" ಎಂದೆ ನಾನು. "ಹಗ್ಗದಲ್ಲಿ ಜಾಗ ಸಾಲದೆ ನಾನೇ ನಿಮ್ಮ ಸೀರೆ ಸರಿಸಿದ್ದು."

"ಗೊತ್ತು. ಅಡುಗೆಮನೆ ಕಿಟಕಿಯಿಂದ ನೋಡಿದ್ದೆ" ಎಂದರು. ಇಬ್ಬರೂ ಎದುರಿಗೆ ಕೂತ ಹೂವಿನ ಹೆಂಗಸು ಬೆಚ್ಚುವ ಹಾಗೆ ನಕ್ಕೆವು.

ಕ್ರೋಂಪೇಟೆ ಬಂತು. ಮಾಮಿಯದೇ ಮೂಗು, ಮಾಮಿಯದೇ ಗಂಟಲಿನ ಹೆಂಗಸೊಬ್ಬಳು ಚೀಲವನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದಳು. ಮಾಮಿ ಇಳಿದರು, ಚೀಲ ಹತ್ತಿತು, ಅದರ ಜೊತೆ ಒಂದು ಡಬ್ಬಿ ಮೊಸರನ್ನವೂ ಹತ್ತಿತು. ಗಾಡಿ ಹೊರಟಿತು. "ಮಧುರೈ ಅಮ್ಮನಿಗೆ ನನ್ನ ಹೆಸರಲ್ಲಿ ಒಂದು ಅರ್ಚನೆ ಮಾಡ್ಸು! ಮೊಣಕಾಲಿಗೆ ಅಂತ ಹೇಳು!" ಎಂದು ಮಾಮಿ ಪ್ಲಾಟ್‌ಫಾರ್ಮಿನಿಂದ ಕೂಗಿದ್ದು ಇಡೀ ಡಬ್ಬಿಗೆ ಕೇಳಿಸಿತು. ತಾಂಬರಂನಲ್ಲಿ ನಮ್ಮ ರೈಲು ಇನ್ನೂ ಬಂದಿರಲಿಲ್ಲ. ಇಂಥ ಸಣ್ಣ ಕೃಪೆಗಳನ್ನು ನಾನು ದಿನಾ ಎಣಿಸುತ್ತೇನೆ. ಆ ದಿನ ಬೆರಳು ಸಾಲಲಿಲ್ಲ.

ಮೂರು ಊರುಗಳ ದೇವರನ್ನು ನೋಡಿದೆವು, ಮಾಮಿಯ ಮೊಣಕಾಲನ್ನು ಅಮ್ಮನಿಗೆ ಒಪ್ಪಿಸಿದೆವು. ಅವೆಲ್ಲ ನೀವೂ ನೋಡಿದ ಗೋಪುರಗಳೇ. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ. ಮೊದಲನೆಯ ರಾತ್ರಿ ಕುಂಭಕೋಣದ ಒಂದು ಸಣ್ಣ ಮೆಸ್ಸಿನಲ್ಲಿ ಊಟಕ್ಕೆ ಕೂತೆವು. ಯಜಮಾನರು ಎಲೆ ನೋಡಿದರು, ಲೋಟ ಮೂಸಿದರು, ಸಾಂಬಾರಿಗೆ ಹುಣಸೆ ಜಾಸ್ತಿ ಎಂದರು. ಬಡಿಸುವ ಮುದುಕರೊಬ್ಬರು ಅನ್ನದ ಪಾತ್ರೆ ಹಿಡಿದು ಬಂದು, ಅವರ ಎದುರು ಬಗ್ಗಿ, ತಮಿಳಿನಲ್ಲಿ, "ಇನ್ನೂ ಸ್ವಲ್ಪ ಹಾಕಲಾ ಸ್ವಾಮಿ?" ಎಂದು ಕೇಳಿದರು. ಇವರು ಆ ಮುದುಕರ ಮುಖವನ್ನೇ ನೋಡುತ್ತಾ ಕೂತರು. ಆಗ ನನಗೆ ಹೊಳೆಯಿತು. ಇವರು ಮೂವತ್ತು ವರ್ಷದಿಂದ ಗಿರಾಕಿಗಳನ್ನು ಕೇಳುತ್ತಾ ಬಂದ ಮಾತು ಅದು. ಇವರನ್ನು ಯಾರೂ ಕೇಳಿದ್ದಿಲ್ಲ. ಹೋಟೆಲಿನಲ್ಲಿ ನಿಂತುಕೊಂಡೇ ತಿನ್ನುತ್ತಾರೆ, ಮನೆಯಲ್ಲಿ ನಾನು ಕೇಳದೆಯೇ ಬಡಿಸುತ್ತೇನೆ. ಕೊನೆಗೆ ಅವರು ಮೆಲ್ಲಗೆ, "ಹಾಕಿ" ಎಂದರು. ಹುಣಸೆ ಜಾಸ್ತಿಯಾದ ಆ ಸಾಂಬಾರನ್ನು ಮೂರು ಸಲ ಹಾಕಿಸಿಕೊಂಡರು.

ನೆನಪಿನಲ್ಲಿ ಇಷ್ಟು ದೂರ ತಿರುಗಾಡಿ, ಇವತ್ತು ಅಡುಗೆ ತಡವಾಯಿತು. ಮೂರು ಗಂಟೆಗೆ ಹೋಟೆಲಿನಿಂದ ಬಂದ ಯಜಮಾನರು ಉಂಡು ಕೈ ತೊಳೆದರು. ನಾನು ನನ್ನ ತಟ್ಟೆ ಹಾಕಿಕೊಂಡು ಕೂತೆ. ಅವರು ಪಡಸಾಲೆಗೆ ಹೋಗಿ ಮಲಗಲಿಲ್ಲ. ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತರು. ಆಮೇಲೆ ಹೆಗಲ ಮೇಲಿನ ಬೈರಾಸು ಸರಿಮಾಡಿಕೊಂಡು, ಸೌಟು ತೆಗೆದುಕೊಂಡು, ನನ್ನ ಎದುರು ಬಗ್ಗಿದರು.

"ಇನ್ನೊಂಚೂರು ಅನ್ನ ಹಾಕ್ಲಾ?"

ನನಗೆ ಹೊಟ್ಟೆ ತುಂಬಿತ್ತು. "ಹಾಕಿ" ಎಂದೆ.