ನೀರು ಹೊತ್ತವಳ ಬಗ್ಗೆ ಒಂದು ಉತ್ತರ

ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಒಂದು ಜೂನಿಯರ್ ಕಾಲೇಜಿಗೆ ಕನ್ನಡ ಉಪನ್ಯಾಸಕನಾಗಿ ಬಂದಾಗ ನನಗೆ ಮೊದಲು ತೊಡಕಾದದ್ದು ನನ್ನದೇ ಮಾತು. ನಾನು ಮಡಕಶಿರಾ ಕಡೆಯವನು. ಮನೆಯಲ್ಲಿ ಹಿಪ್ಪುನೇರಳೆ, ರಾಗಿ, ಸ್ವಲ್ಪ ಕಡಲೆಕಾಯಿ. ನಾನು ‘ಬನ್ನಿ’ ಅಂದರೆ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ ‘ಬರ್ರಿ’ ಎಂದು ತಿದ್ದುತ್ತಿದ್ದರು. ಒಂದೇ ಜಿಲ್ಲೆ, ಆದರೂ ಅವರ ಕನ್ನಡ ಬಳ್ಳಾರಿಗೆ ಮುಖ ಮಾಡಿತ್ತು, ನನ್ನದು ಶಿರಾ ಕಡೆಗೆ. ಅಂಗಡಿಗೆ ಹೋದರೆ ಇಬ್ಬರೂ ತೆಲುಗಿಗೆ ತಿರುಗುತ್ತಿದ್ದೆವು. ಒಂದು ತಿಂಗಳಲ್ಲಿ ಅವರಿಗೆ ನಾನು, ನನಗೆ ಅವರು ಅಭ್ಯಾಸವಾದೆವು.

ಕನ್ನಡ ತೆಗೆದುಕೊಂಡವರು ಹತ್ತೊಂಬತ್ತು ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯವರು ಜೀನ್ಸ್ ಹೊಲಿಯುವ ಕೆಲಸದಲ್ಲಿದ್ದರು. ಆಗ ಬೆಟ್ಟದ ಕೆಳಗಿನ ಓಣಿಗಳಲ್ಲಿ ಮನೆ ಬಾಡಿಗೆಗೆ ಸಿಗುತ್ತಿರಲಿಲ್ಲ. ಸಿಕ್ಕ ಖಾಲಿ ಕೋಣೆಗೆಲ್ಲ ಮಷಿನ್ ಇಡುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಜನ ಬಂದು ಸೇರುತ್ತಿದ್ದರು. ಕೆಲಸ ಕಲಿತವರು ಬಳ್ಳಾರಿಗೋ ಬೆಂಗಳೂರಿಗೋ ಹೊರಡುತ್ತಿದ್ದರು, ಅವರ ಜಾಗಕ್ಕೆ ಮತ್ತೊಬ್ಬರು ಬರುತ್ತಿದ್ದರು. ನಾನು ತಿದ್ದಲು ತರುತ್ತಿದ್ದ ನೋಟ್‌ಬುಕ್ಕುಗಳ ಅಂಚಿನಲ್ಲಿ ಬಟ್ಟೆಯ ನೀಲಿ ಬಣ್ಣ ಮೆತ್ತಿದ ಬೆರಳ ಗುರುತುಗಳಿರುತ್ತಿದ್ದವು.

ಪರೀಕ್ಷೆಯಲ್ಲಿ ಹತ್ತು ಅಂಕದ ಒಂದು ಪ್ರಶ್ನೆ ಬರುತ್ತಿತ್ತು. ಪಠ್ಯದ ಕತೆಯನ್ನೋ ಪದ್ಯವನ್ನೋ ಕೊಟ್ಟು ‘ವಿಮರ್ಶಿಸಿ’ ಎಂದು ಕೇಳುವ ಪ್ರಶ್ನೆ. ಮಕ್ಕಳು ಅದಕ್ಕೆ ಗೈಡಿನ ಉತ್ತರ ಬಾಯಿಪಾಠ ಮಾಡುತ್ತಿದ್ದರು. ಮೊದಲ ಕಿರುಪರೀಕ್ಷೆಯಲ್ಲಿ ಹತ್ತೊಂಬತ್ತು ಉತ್ತರಗಳೂ ಒಂದೇ ವಾಕ್ಯದಿಂದ ಶುರುವಾಗಿದ್ದವು: ಪ್ರಸ್ತುತ ಕಥೆಯು ಮಾನವೀಯ ಮೌಲ್ಯಗಳನ್ನು ಎತ್ತಿ ಹಿಡಿಯುತ್ತದೆ. ಒಬ್ಬ ಹುಡುಗ ‘ಎತ್ತಿ’ ಬರೆದು ‘ಹಿಡಿಯುತ್ತದೆ’ ಮರೆತಿದ್ದ. ಅದನ್ನು ಓದಿ ನನಗೆ ಒಂದು ಹಟ ಬಂತು. ಕೆಲಸಕ್ಕೆ ಹೊಸಬ, ವಯಸ್ಸೂ ಇಪ್ಪತ್ತೇಳು. ಗೈಡುಗಳನ್ನೆಲ್ಲ ಮನೆಯಲ್ಲಿಟ್ಟು ಬರಬೇಕೆಂದು ಹೇಳಿದೆ.

ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದೆ. ನಿನಗೆ ಏನು ಕಂಡಿತು? ಕತೆಯಲ್ಲಿ ಎಲ್ಲಿ ಕಂಡಿತು? ಅದು ಕಂಡಮೇಲೆ ಕತೆ ನಿನಗೆ ಹೇಗೆ ಬೇರೆಯಾಯಿತು? ಮೊದಲ ಪ್ಯಾರಾದಲ್ಲಿ ನಿನ್ನ ಮಾತನ್ನು ನೇರವಾಗಿ ಹೇಳು, ಆಮೇಲಿನ ಒಂದೊಂದು ಪ್ಯಾರಾಕ್ಕೂ ಕತೆಯಿಂದ ಒಂದೊಂದು ಆಧಾರ ತಂದು ಬಿಡಿಸಿ ಹೇಳು, ಕೊನೆಯಲ್ಲಿ ಹೇಳಿದ್ದನ್ನೇ ಹೇಳಬೇಡ ಎಂದೆ. ಅವರು ಅದನ್ನೂ ಅಚ್ಚುಕಟ್ಟಾಗಿ ಬರೆದುಕೊಂಡರು, ಬಾಯಿಪಾಠ ಮಾಡಲು. ಅರ್ಥವಾಗಲಿಲ್ಲವೇನೋ ಎಂದು, ಅವರಿಗೆ ಗೊತ್ತಿರುವ ಕೆಲಸದಿಂದಲೇ ಹೇಳೋಣವೆಂದು, ಪ್ಯಾಂಟ್ ಹೊಲಿಯುವ ಹೋಲಿಕೆ ಕೊಟ್ಟೆ. ಮೊದಲು ಕತ್ತರಿಸುವುದು, ಆಮೇಲೆ ಜೋಡಿಸುವುದು ಎಂದು ಉತ್ಸಾಹದಿಂದ ಹೇಳುತ್ತಿರುವಾಗ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು.

“ಸರ್, ನಾನು ಇಡೀ ಪ್ಯಾಂಟ್ ಹೊಲ್ದೇ ಇಲ್ರಿ. ಎರಡು ವರ್ಷದಿಂದ ಹಿಂದಿನ ಜೇಬು ಅಷ್ಟೇ ಹಚ್ಚೀನಿ. ಅದು ಎಲ್ಲಿಂದ ಬರ್ತೈತೋ, ಎಲ್ಲಿಗೆ ಹೋಗ್ತೈತೋ ಗೊತ್ತಿಲ್ರಿ.”

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹೋಲಿಕೆಯನ್ನು ಅಲ್ಲಿಗೇ ಬಿಟ್ಟೆ. ಆದರೆ ಅವಳು ತಮಾಷೆ ಮಾಡಿರಲಿಲ್ಲ, ನಾನು ಹೇಳಿದ್ದು ಸರಿ ಹೊಂದುವುದಿಲ್ಲ ಎಂದಷ್ಟೇ ಹೇಳಿದ್ದಳು. ಅವಳ ಸ್ವಭಾವವೇ ಹಾಗೆ ಎಂದು ಆಮೇಲೆ ಗೊತ್ತಾಯಿತು. ಬೆಳುಗುಪ್ಪದ ಕಡೆಯ ಕುರಿ ಸಾಕುವ ಮನೆ. ಕುರಿಗಳನ್ನು ಮಾರಿ ತಾಯಿ, ಅಣ್ಣ, ಅವಳು ರಾಯದುರ್ಗಕ್ಕೆ ಬಂದಿದ್ದರು. ಕಾಲೇಜು ಮುಗಿದ ಮೇಲೆ ತಾಯಿಯ ಪಕ್ಕದ ಮಷಿನ್ನಿಗೆ ಕೂರುತ್ತಿದ್ದಳು.

ಆ ವರ್ಷ ಪಠ್ಯದಲ್ಲಿ ಒಂದು ಅಜ್ಜಿಯ ಕತೆಯಿತ್ತು. ದಾರಿಹೋಕರಿಗಾಗಿ ಬಿಸಿಲಲ್ಲಿ ಅರವಟ್ಟಿಗೆ ಇಟ್ಟು ನೀರು ಕೊಡುವ ಅಜ್ಜಿ. ಹಿಂದೊಮ್ಮೆ ಆ ಮನೆಗೆ ಕೇಡು ಮಾಡಿದವನೊಬ್ಬ ಒಂದು ದಿನ ಬಾಯಾರಿ ಬರುತ್ತಾನೆ, ಅಜ್ಜಿ ಅವನಿಗೂ ನೀರು ಕೊಡುತ್ತಾಳೆ. ಅವನು ಅಳುತ್ತಾನೆ. ಅಷ್ಟೇ ಕತೆ. ಅದರ ಬಗ್ಗೆ ಬರೆದು ತನ್ನಿ ಎಂದಿದ್ದೆ. ಮರುದಿನ ಹದಿನೆಂಟು ಜನ ಅಜ್ಜಿಯ ತ್ಯಾಗ, ಅಜ್ಜಿಯ ಕ್ಷಮೆ ಎಂದು ಬರೆದು ತಂದರು. ಕಿಟಕಿ ಪಕ್ಕದ ಹುಡುಗಿ ಬರೆದದ್ದು ಹೀಗೆ ಶುರುವಾಗಿತ್ತು: ಈ ಕತೆಯಲ್ಲಿ ನೀರು ಕೊಟ್ಟವಳು ಅಜ್ಜಿ, ತಂದವಳು ಸೊಸೆ.

ನಾನು ಕತೆಯನ್ನು ಎಷ್ಟೋ ಸಲ ಓದಿದ್ದೆ, ಸೊಸೆಯನ್ನು ಗಮನಿಸಿರಲಿಲ್ಲ. ಹುಡುಗಿ ಗಮನಿಸಿದ್ದಳು. ಸೊಸೆ ನಾಲ್ಕು ಕಡೆ ಬರುತ್ತಾಳೆ, ನಾಲ್ಕು ಸಲವೂ ಕೊಡ ಹೊತ್ತೇ ಬರುತ್ತಾಳೆ, ಒಂದು ಸಲವೂ ಮಾತಾಡುವುದಿಲ್ಲ ಎಂದು ಪುಟದ ಸಂಖ್ಯೆ ಸಮೇತ ತೋರಿಸಿದ್ದಳು. ಬಾವಿ ‘ಊರಾಚೆ’ ಇದೆ ಎಂದು ಕತೆ ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ, ಆ ಪದದೊಳಗೆ ಎಷ್ಟು ನಡೆಯಬೇಕಾಗುತ್ತದೆ ಎಂದು ಕೇಳಿದ್ದಳು. ಕೇಡು ಮಾಡಿದವನನ್ನು ಕ್ಷಮಿಸಬೇಕೋ ಬೇಡವೋ ಎಂದು ಸೊಸೆಯನ್ನು ಯಾರೂ ಕೇಳಲಿಲ್ಲ, ಅವನಿಗೆ ಸಿಕ್ಕಿದ್ದು ಅವಳು ಹೊತ್ತು ತಂದ ನೀರು. ಆದ್ದರಿಂದ ಅಜ್ಜಿ ದೊಡ್ಡವಳೇ, ಆದರೆ ಕತೆ ಆ ದೊಡ್ಡತನವನ್ನು ಪೂರ್ತಿ ಅಜ್ಜಿಗೇ ಕೊಟ್ಟದ್ದು ಸರಿಯಲ್ಲ ಎಂದು ಮುಗಿಸಿದ್ದಳು.

ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಹಿಂದಿನ ಬೆಂಚಿನವರು ಪುಸ್ತಕ ತೆರೆದು ಸೊಸೆ ಎಲ್ಲೆಲ್ಲಿ ಬರುತ್ತಾಳೆಂದು ಹುಡುಕಿದರು. ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಅಂಥ ಗಂಟೆ ಎರಡು ಮೂರು ಸಿಕ್ಕಿರಬಹುದು. ಬೆಲ್ ಆದಮೇಲೆ ಅವಳು ಬಾಗಿಲ ಬಳಿ ನಿಂತು ಕೇಳಿದಳು:

“ಪರೀಕ್ಷೆಯೊಳಗೂ ಹಿಂಗ ಬರೀಬಹುದೇನ್ರಿ ಸರ್?”

“ಧೈರ್ಯವಾಗಿ ಬರಿ. ಆಧಾರ ಕೊಟ್ಟಮೇಲೆ ಯಾರೂ ತಪ್ಪು ಅನ್ನೋಕಾಗಲ್ಲ” ಎಂದೆ.

ಅಣ್ಣ ಒಂದು ಷರತ್ತು ಹಾಕಿದ್ದಾನೆಂದು ಅವಳು ಆಗ ಹೇಳಲಿಲ್ಲ. ಹೇಳಿದ್ದರೂ ನಾನು ಅದೇ ಮಾತು ಹೇಳುತ್ತಿದ್ದೆನೇನೋ.

ಪರೀಕ್ಷೆ ಮುಗಿಯಿತು. ಪ್ರಶ್ನೆಪತ್ರಿಕೆಯಲ್ಲಿ ಅರವಟ್ಟಿಗೆಯ ಕತೆಯೇ ಬಂದಿತ್ತು. ಮೌಲ್ಯಮಾಪನಕ್ಕೆ ನನಗೂ ಆದೇಶ ಬಂತು. ಕನ್ನಡದ ಪತ್ರಿಕೆಗಳು ಕಡಿಮೆ, ಉಪನ್ಯಾಸಕರೂ ಕಡಿಮೆ. ಏಳೆಂಟು ಜನ ಒಂದೇ ಕೋಣೆಯಲ್ಲಿ ಎರಡು ಉದ್ದದ ಮೇಜಿನ ಸುತ್ತ ಕೂತಿದ್ದೆವು. ಪ್ರತಿಯೊಬ್ಬರ ಮುಂದೆ ಉತ್ತರಗಳ ಕಟ್ಟು, ಕಟ್ಟಿನ ಮೇಲೆ ಉತ್ತರಸೂಚಿ. ಹತ್ತು ಅಂಕದ ಪ್ರಶ್ನೆಗೆ ಸೂಚಿಯಲ್ಲಿ ಐದು ಅಂಶಗಳಿದ್ದವು: ಅಜ್ಜಿಯ ಔದಾರ್ಯ, ಕ್ಷಮಾಗುಣ, ಗ್ರಾಮೀಣ ಪರಿಸರ, ಭಾಷಾಶೈಲಿ, ಸಂದೇಶ. ಒಂದೊಂದಕ್ಕೆ ಎರಡು.

ಎರಡನೆಯ ದಿನ ಮಧ್ಯಾಹ್ನ ನನ್ನ ಎಡಗಡೆ ಕೂತಿದ್ದ ಹಿರಿಯರು ಸಣ್ಣಗೆ ನಕ್ಕರು. ನಿವೃತ್ತಿಗೆ ಹತ್ತಿರವಿದ್ದವರು, ಒಳ್ಳೆಯವರು. ಬೆಳಿಗ್ಗೆ ತಮ್ಮ ಡಬ್ಬಿಯಿಂದ ನನಗೂ ಉಗ್ಗಾಣಿ ಕೊಟ್ಟಿದ್ದರು. “ಇಲ್ಲಿ ಕೇಳ್ರಿ, ಯಾರೋ ಕತೀನ ತಪ್ಪು ಅಂತ ಬರ್ದಾರ” ಎಂದು ಓದತೊಡಗಿದರು. ನೀರು ಕೊಟ್ಟವಳು ಅಜ್ಜಿ, ತಂದವಳು ಸೊಸೆ.

ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು. ನಮ್ಮ ಕಾಲೇಜಿನ ಉತ್ತರ ನಮ್ಮ ಕೋಣೆಗೇ ಬರಬಹುದೆಂದು ನಾನು ಯೋಚಿಸಿರಲಿಲ್ಲ. ಇದು ನನ್ನ ವಿದ್ಯಾರ್ಥಿನಿಯದು ಎನ್ನುವಂತಿರಲಿಲ್ಲ. ಹಾಗಂದಿದ್ದರೆ ಆ ಪತ್ರಿಕೆಯನ್ನೇ ಬೇರೆಡೆಗೆ ಕಳಿಸುತ್ತಿದ್ದರು, ನನ್ನನ್ನೂ ಎಬ್ಬಿಸುತ್ತಿದ್ದರು. ಒಳ್ಳೆಯ ಉತ್ತರವಲ್ಲವೇ ಸಾರ್, ಪ್ರತಿ ಮಾತಿಗೂ ಕತೆಯಿಂದ ಆಧಾರ ಕೊಟ್ಟಿದ್ದಾರಲ್ಲ ಎಂದಷ್ಟೇ ಹೇಳಿದೆ. ಅವರು ಒಪ್ಪಿದರು. ನಿಜವಾಗಿ ಒಪ್ಪಿದರು, ಬುದ್ಧಿವಂತ ಮಗು ಎಂದರು. ಆಮೇಲೆ ಸೂಚಿಯ ಮೇಲೆ ಬೆರಳಿಟ್ಟರು.

“ಆದ್ರ ಇದ್ರಾಗ ಸೊಸಿ ಎಲ್ಲಿ ಅದಾಳ ಹೇಳ್ರಿ. ನಾ ಎಲ್ಲಿ ಮಾರ್ಕ್ಸ್ ಹಾಕ್ಲಿ?”

ಮುಖ್ಯ ಪರೀಕ್ಷಕರನ್ನು ಕೇಳೋಣ ಎಂದೆ. ಅವರು ಮೇಜಿನ ತುದಿಯಿಂದ ಎದ್ದುಬಂದು ಪತ್ರಿಕೆಯನ್ನು ಕೈಗೂ ತೆಗೆದುಕೊಳ್ಳದೆ ಸೂಚಿಯಂತೆ ಹೋಗಿ ಎಂದರು. ಎಲ್ಲರಿಗೂ ಒಂದೇ ಅಳತೆ ಇರಬೇಕು, ಒಬ್ಬರಿಗೆ ಬಿಟ್ಟರೆ ನಾಳೆ ಕೋರ್ಟಿಗೆ ಹೋಗುತ್ತಾರೆ ಎಂದರು. ಅವರ ಮಾತಿನಲ್ಲೂ ತಪ್ಪು ಹುಡುಕಲು ನನಗೆ ಆಗಲಿಲ್ಲ. ಹಿರಿಯರು ಭಾಷಾಶೈಲಿಗೆ ಎರಡು ಹಾಕಿದರು, ನನ್ನ ಮುಖ ನೋಡಿ ಗ್ರಾಮೀಣ ಪರಿಸರಕ್ಕೆ ಒಂದು ಸೇರಿಸಿದರು. ಹತ್ತಕ್ಕೆ ಮೂರು. ನಾನು ನನ್ನ ಕಟ್ಟಿಗೆ ತಿರುಗಿದೆ. ಮುಂದಿನ ಪತ್ರಿಕೆ ‘ಪ್ರಸ್ತುತ ಕಥೆಯು’ ಎಂದು ಶುರುವಾಗಿತ್ತು. ಐದೂ ಅಂಶಗಳಿದ್ದವು, ಗೈಡಿನ ಅಕ್ಷರ ಅಕ್ಷರ. ಒಂಬತ್ತು ಹಾಕಿದೆ.

ಫಲಿತಾಂಶ ಬಂದ ವಾರದಲ್ಲಿ ಅವಳು ಮಾರ್ಕ್ಸ್ ಮೆಮೊ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಪಾಸಾಗಿದ್ದಳು. ಫಸ್ಟ್ ಕ್ಲಾಸಿಗೆ ನಾಲ್ಕು ಅಂಕ ಕಡಿಮೆ. ಅಣ್ಣನ ಷರತ್ತಿನ ವಿಷಯ ಆಗ ಗೊತ್ತಾಯಿತು: ಫಸ್ಟ್ ಕ್ಲಾಸ್ ಬಂದರೆ ಡಿಗ್ರಿ, ಇಲ್ಲದಿದ್ದರೆ ಅತ್ತಿಗೆಯ ಜೊತೆ ಬೆಂಗಳೂರಿನ ಗಾರ್ಮೆಂಟ್ ಕೆಲಸ. ಎಲ್ಲ ವಿಷಯಗಳಲ್ಲೂ ಅವಳು ಎಣಿಸಿದಷ್ಟೇ ಬಂದಿತ್ತು, ಕನ್ನಡ ಒಂದನ್ನು ಬಿಟ್ಟು.

“ನಾನು ಬರ್ದಿದ್ದು ತಪ್ಪಿತ್ತೇನ್ರಿ ಸರ್?”

ತಪ್ಪಿರಲಿಲ್ಲ ಎಂದೆ.

“ಮತ್ತ ಯಾಕ ಹಿಂಗಾತ್ರಿ?”

ನಾನು ಮರುಎಣಿಕೆಯ ಮಾತು ತೆಗೆದೆ. ಮರುಎಣಿಕೆಯಲ್ಲಿ ಹಾಕಿದ ಅಂಕಗಳನ್ನು ಕೂಡಿ ನೋಡುತ್ತಾರೆಯೇ ಹೊರತು ಉತ್ತರವನ್ನು ಯಾರೂ ಮತ್ತೆ ಓದುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅರ್ಜಿ ತುಂಬಿಸಿದೆ, ಏನಾದರೂ ಮಾಡಿದಂತೆ ಇರಲಿ ಎಂದು. ಆ ಕೋಣೆಯಲ್ಲಿ ನಾನೂ ಇದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಅವಳು ಸಹಿ ಮಾಡಿ, ಮೆಮೊವನ್ನು ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಇಟ್ಟುಕೊಂಡು ಹೋದಳು. ಹದಿನೈದು ದಿನದಲ್ಲಿ ಉತ್ತರ ಬಂತು: ಬದಲಾವಣೆ ಇಲ್ಲ.

ಆಗ ಅವರ ಮನೆಗೆ ಹೋದೆ. ಅಣ್ಣನನ್ನು ಒಪ್ಪಿಸೋಣ ಎಂದುಕೊಂಡಿದ್ದೆ. ಅಣ್ಣ ಇರಲಿಲ್ಲ, ಮುಂಚೆಯೇ ಬೆಂಗಳೂರಿಗೆ ಹೋಗಿ ಕೋಣೆ ನೋಡುತ್ತಿದ್ದ. ತಾಯಿ ಮಷಿನ್ ನಿಲ್ಲಿಸಿ, ಎದುರಿನ ಸ್ಟೂಲಿನಿಂದ ಪ್ಯಾಂಟುಗಳನ್ನು ಎತ್ತಿ ಜಾಗ ಮಾಡಿಕೊಟ್ಟಳು. ಹುಡುಗಿ ಒಳಗಿನಿಂದ ಚಹಾ ತಂದಿಟ್ಟು ಮತ್ತೆ ಒಳಗೆ ಹೋದಳು. ನಾಲ್ಕು ಅಂಕಕ್ಕೆ ಓದು ಬಿಡಿಸಬೇಡಿ, ಅಂಥ ತಲೆ ನಮ್ಮ ತರಗತಿಯಲ್ಲಿ ಇನ್ನೊಂದಿಲ್ಲ ಎಂದು ನಾನು ಬಹಳ ಹೊತ್ತು ಹೇಳಿದೆ. ತಾಯಿ ತಾಳ್ಮೆಯಿಂದ ಕೇಳಿಸಿಕೊಂಡಳು. ಕೊನೆಗೆ ಸಿಟ್ಟಿಲ್ಲದೆ ಹೇಳಿದಳು:

“ಗೈಡ್ ಓದು ಅಂತ ಒಂದು ಮಾತು ಹೇಳಿದ್ರ ಆಗ್ತಿತ್ತಲ್ರಿ ಸರ್. ಎಲ್ಲಾರೂ ಅದನ್ನ ಓದಿ ಮಾರ್ಕ್ಸ್ ತಗೊಂಡ್ರು. ನಿಮ್ ಮಾತು ಅಂದ್ರ ಈಕಿಗೆ ದೇವರ ಮಾತಿದ್ದಂಗ.”

ನಾನು ಚಹಾ ಕುಡಿದು ಎದ್ದೆ. ಮಷಿನ್ನಿನ ಸದ್ದು ನಾನು ಓಣಿಯ ತಿರುವು ಮುಟ್ಟುವ ಮೊದಲೇ ಮತ್ತೆ ಶುರುವಾಯಿತು. ಮುಂದಿನ ವಾರ ತಾಯಿ, ಅತ್ತಿಗೆ, ಅವಳು ಮೂವರೂ ರೈಲು ಹತ್ತಿದರೆಂದು ತರಗತಿಯ ಮಕ್ಕಳು ಹೇಳಿದರು.

ಮುಂದಿನ ವರ್ಷ ನಾನು ಗೈಡಿನ ಉತ್ತರಗಳನ್ನು ಬರೆಸಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೂರು ಪ್ರಶ್ನೆಗಳನ್ನೂ ಕಲಿಸುತ್ತಿದ್ದೆ, ಆದರೆ ‘ಇದು ನಿಮಗಾಗಿ, ಪರೀಕ್ಷೆಗಲ್ಲ’ ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಪರೀಕ್ಷೆಗಲ್ಲ ಎಂದ ಮೇಲೆ ಪೆನ್ನುಗಳ ಮುಚ್ಚಳ ಹಾಕುವ ಸದ್ದು ಕೇಳಿಸುತ್ತಿತ್ತು. ಉತ್ತರಸೂಚಿ ಬದಲಿಸಬೇಕೆಂದು ಮೇಲಿನವರಿಗೆ ಒಂದು ಅರ್ಜಿ ಬರೆದೆ, ಮತ್ತೊಂದು ಬರೆದೆ. ಮೂರನೆಯದಕ್ಕೆ ಸ್ವೀಕೃತಿ ಬಂತು, ಉತ್ತರ ಬರಲಿಲ್ಲ.

ಆಮೇಲೆ ಮಡಕಶಿರಾಕ್ಕೆ ವರ್ಗವಾಯಿತು. ಊರಿನ ಹತ್ತಿರ ಬಂದೆನೆಂದು ಅಪ್ಪನಿಗೆ ಖುಷಿ. ಅಲ್ಲಿ ನೋಡಿದರೆ ಬೆಳಿಗ್ಗೆ ನಾನು ಕಾಲೇಜಿಗೆ ನಡೆಯುವ ಹೊತ್ತಿಗೆ ಗಾರ್ಮೆಂಟ್ ಬಸ್ಸುಗಳು ಹಳ್ಳಿಹಳ್ಳಿಯ ಹುಡುಗಿಯರನ್ನು ತುಂಬಿಕೊಂಡು ಹೊರಟಿರುತ್ತಿದ್ದವು. ನನ್ನ ಕನ್ನಡ ತರಗತಿಯಲ್ಲಿ ಹನ್ನೊಂದು ಜನ, ಮರುವರ್ಷ ಏಳು. ಒಬ್ಬಳು ಹುಡುಗಿ ನಡುವರ್ಷದಲ್ಲಿ ಬರುವುದು ನಿಲ್ಲಿಸಿದಳು. ಅವಳ ಅಪ್ಪ ಸಂತೆಯಲ್ಲಿ ಸಿಕ್ಕಿ, “ಬಸ್ಸು ಮನೆ ಮುಂದ್ಕೇ ಬತ್ತದೆ ಸಾಮಿ, ಕಾಲೇಜು ಎಲ್ಲಿ ಬತ್ತದೆ” ಎಂದ.

ಒಂದು ಭಾನುವಾರ ಮಧ್ಯಾಹ್ನ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ರಾಯದುರ್ಗದ ಹುಡುಗಿ. ಹಳೆಯ ಸಹಪಾಠಿಯಿಂದ ನಂಬರ್ ತೆಗೆದುಕೊಂಡಿದ್ದಳು. ಬೆಂಗಳೂರಿನಲ್ಲೇ ಇದ್ದಳು, ಚೆಕಿಂಗ್ ಸೆಕ್ಷನ್ನಿನಲ್ಲಿ. ಹೊಲಿಗೆಯ ತಪ್ಪು ಹುಡುಕಿ ವಾಪಸ್ ಕಳಿಸುವ ಕೆಲಸ. ಮದುವೆಯಾಗಿತ್ತು, ಮಗಳಿಗೆ ಮೂರು ವರ್ಷ. ಮಗಳನ್ನು ಕನ್ನಡ ಶಾಲೆಗೆ ಹಾಕಬೇಕೋ ಇಂಗ್ಲಿಷಿಗೆ ಹಾಕಬೇಕೋ ಎಂದು ಕೇಳಲು ಮಾಡಿದ ಕರೆ. ನಾನು ಏನೋ ಹೇಳಿದೆ. ಆಮೇಲೆ, ಇನ್ನು ತಡೆಯಲಾರದೆ, ಅಂದು ಆ ಕೋಣೆಯಲ್ಲಿ ನಾನಿದ್ದೆ, ಪಕ್ಕದಲ್ಲೇ ಇದ್ದೆ ಎಂದು ಹೇಳಿದೆ. ಸೂಚಿ, ಹಿರಿಯರು, ಮೂರು ಅಂಕ, ಎಲ್ಲವನ್ನೂ.

ಅವಳ ಹಿಂದೆ ಮಗು ಏನೋ ಕೇಳುತ್ತಿತ್ತು.

“ನೀವು ಹೇಳಿದ್ರೂ ಏನೂ ಆಗ್ತಿರ್ಲಿಲ್ಲ ಬಿಡ್ರಿ ಸರ್” ಎಂದಳು. ಆಮೇಲೆ, “ಅವ್ರು ಪೂರ್ತಿ ಓದಿದ್ರೇನ್ರಿ? ಕೊನೀತನಕ?”

ಓದಿದರು ಎಂದೆ. ಗಟ್ಟಿಯಾಗಿ ಓದಿದ್ದು ಅರ್ಧ ಪುಟ ಮಾತ್ರ. ಉಳಿದದ್ದನ್ನು ಅವರು ಓದಿದರೋ ಇಲ್ಲವೋ ನಾನು ನೋಡಿರಲಿಲ್ಲ.

ಅವಳು ಆಯ್ತ್ರಿ ಎಂದಳು. ಮಗುವಿಗೆ ಊಟ ಮಾಡಿಸಬೇಕೆಂದು ಫೋನ್ ಇಟ್ಟಳು. ಈ ವರ್ಷವೂ ಮೌಲ್ಯಮಾಪನದ ಆದೇಶ ಬಂದಿದೆ. ಆರೋಗ್ಯ ಸರಿಯಿಲ್ಲವೆಂದು ಬರೆದುಕೊಟ್ಟು ನೋಡಿದೆ, ಒಪ್ಪಲಿಲ್ಲ. ಸೋಮವಾರ ಹೊರಡಬೇಕು.